ಕಲ್ಚರ್ ರೂಮಿಗೆ ಇನ್ವರ್ಟೆಡ್ ಮೈಕ್ರೋಸ್ಕೋಪ್: ಮೂರು ಕೊಟೇಶನ್‌ಗಳಲ್ಲಿ ಯಾವುದು ಸರಿ?

ಟಿ25_ಕರಾವಳಿ

ಕಾಲೇಜಿನ ಹೊಸ ಸೆಲ್ ಕಲ್ಚರ್ ರೂಮಿಗೆ ಇನ್ವರ್ಟೆಡ್ (ಪಾತ್ರೆಯ ತಳದಿಂದ ನೋಡುವ) ಮೈಕ್ರೋಸ್ಕೋಪ್ ತಗೊಳ್ಳಬೇಕು. ಊರು ಮಂಗಳೂರು. ಬಜೆಟ್ ತೆರಿಗೆ ಎಲ್ಲ ಸೇರಿ 8 ಲಕ್ಷ, ಖರೀದಿ ಟೆಂಡರ್ ಮೂಲಕ. ಕೋಶಗಳು ಪುಣೆಯ ಎನ್‌ಸಿಸಿಎಸ್ ಭಂಡಾರದಿಂದ ಬರುತ್ತವೆ: ಹೀಲಾ, ಹೆಕ್ 293, ಎಲ್929, ಆಮೇಲೆ ಸಿ2ಸಿ12. ಬೆಳೆಸುವುದು ಟಿ-25, ಟಿ-75 ಫ್ಲಾಸ್ಕ್, 6 ವೆಲ್ ಮತ್ತು 96 ವೆಲ್ ಪ್ಲೇಟ್‌ಗಳಲ್ಲಿ. ಎಲ್ಲ ಮಾಮೂಲಿ ಪಾಲಿಸ್ಟೈರೀನ್. ಗಾಜಿನ ತಳದ ಡಿಶ್ ಸದ್ಯಕ್ಕಿಲ್ಲ.

ಕೆಲಸ ಇಷ್ಟು: ದಿನಾ ಬೆಳಗ್ಗೆ ಕೋಶ ಹೇಗಿವೆ, ಪ್ಯಾಸೇಜ್ ಮಾಡುವಷ್ಟು (ಹೊಸ ಫ್ಲಾಸ್ಕಿಗೆ ಹಂಚುವಷ್ಟು) ತುಂಬಿವೆಯಾ, ಏನಾದರೂ ಸೋಂಕು ಸೇರಿದೆಯಾ ಎಂದು ನೋಡುವುದು, ಟ್ರಿಪ್ಸಿನ್ ಹಾಕಿದ ಮೇಲೆ ಕೋಶ ತಳ ಬಿಟ್ಟಿವೆಯಾ ಎಂದು ನೋಡುವುದು, ಸ್ಕ್ರ್ಯಾಚ್ ಅಸ್ಸೇಗೆ (ಕೋಶಪದರದ ಮೇಲೆ ಗೀರು ಎಳೆದು ಅದು ತುಂಬುವುದನ್ನು ನೋಡುವ ಪರೀಕ್ಷೆ) ಫೋಟೊ, ತಿಂಗಳಿಗೆ ಎರಡು ಮೂರು ಸಲ ಜಿಎಫ್‌ಪಿ ಟ್ರಾನ್ಸ್‌ಫೆಕ್ಷನ್ (ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನನ್ನು ಕೋಶಕ್ಕೆ ಸೇರಿಸುವುದು) ಹತ್ತಿದೆಯಾ ಎಂಬ ಪರೀಕ್ಷೆ.

ಕೈಯಲ್ಲಿರುವ ಕೊಟೇಶನ್‌ಗಳು:

ಅ: 4, 10, 20, 40ಎಕ್ಸ್ ಫೇಸ್ ಕಾಂಟ್ರಾಸ್ಟ್ (ಬಣ್ಣ ಹಾಕದ ಕೋಶವನ್ನು ಕಪ್ಪುಬಿಳುಪಾಗಿ ತೋರಿಸುವ ವಿಧಾನ), ಹ್ಯಾಲೊಜೆನ್ ದೀಪ, 18 ಮೆಗಾಪಿಕ್ಸೆಲ್ ಬಣ್ಣದ ಕ್ಯಾಮೆರಾ. ಫ್ಲೋರೊಸೆನ್ಸ್ ಇಲ್ಲ.
ಆ: 4, 10, 20ಎಕ್ಸ್ ಫೇಸ್, ಎಲ್‌ಇಡಿ ದೀಪ, ಒಂದು ನೀಲಿ ಫ್ಲೋರೊಸೆನ್ಸ್ ಚಾನೆಲ್, 5 ಮೆಗಾಪಿಕ್ಸೆಲ್ ಕ್ಯಾಮೆರಾ.
ಇ: ದೊಡ್ಡ ರಿಸರ್ಚ್ ಬಾಡಿ, ಡಿಐಸಿ (ಕೋಶವನ್ನು ಉಬ್ಬುಶಿಲ್ಪದಂತೆ ತೋರಿಸುವ ವಿಧಾನ) ಸಮೇತ. ಆದರೆ ಈ ದುಡ್ಡಿಗೆ 10 ಮತ್ತು 40ಎಕ್ಸ್ ಎರಡೇ ಆಬ್ಜೆಕ್ಟಿವ್ (ಕೋಶದ ಕಡೆಯ ಲೆನ್ಸ್). ಕ್ಯಾಮೆರಾ "ಮುಂದೆ ಸೇರಿಸಿಕೊಳ್ಳಬಹುದು".

40ಎಕ್ಸ್ ಇಲ್ಲದೆ ನಡೆಯುತ್ತದಾ? ಡಿಐಸಿ ಅಷ್ಟು ಬೆಲೆಬಾಳುತ್ತದಾ? 18 ಬಿಟ್ಟು 5 ಮೆಗಾಪಿಕ್ಸೆಲ್ ತಗೊಂಡರೆ ಕಳೆದುಕೊಳ್ಳುವುದೇನು? ರಾತ್ರಿಯಿಡೀ ಟೈಮ್‌ಲ್ಯಾಪ್ಸ್ ಇದರಲ್ಲೇ ಮಾಡಬಹುದಾ?

ತಳದಿಂದ_ನೋಡಿ

ಮೊದಲು ಕೊಟೇಶನ್ 'ಇ' ಪಕ್ಕಕ್ಕಿಡಿ. ಡಿಐಸಿ ನಡೆಯುವುದು ಧ್ರುವೀಕೃತ ಬೆಳಕಿನ ಮೇಲೆ. ಅಚ್ಚಿಗೆ ಹೊಯ್ದ ಪಾಲಿಸ್ಟೈರೀನ್ ಒಳಗೆ ಬಿಗಿತ ಉಳಿದಿರುತ್ತದೆ. ಹಾದುಹೋಗುವ ಬೆಳಕಿನ ಧ್ರುವೀಕರಣವನ್ನು ಅದು ಒಂದೊಂದು ಕಡೆ ಒಂದೊಂದು ಥರ ಕೆಡಿಸುತ್ತದೆ. ಫ್ಲಾಸ್ಕಿನಲ್ಲಿ ಕಾಣುವುದು ಕೋಶವಲ್ಲ, ಪ್ಲಾಸ್ಟಿಕ್ಕಿನ ಬಣ್ಣದ ಪಟ್ಟೆಗಳು. ಡಿಐಸಿಗೆ ಗಾಜಿನ ತಳವೇ ಬೇಕು, ಮುಚ್ಚಳವೂ ಗಾಜಿನದೇ ಆಗಿರಬೇಕು. ನಿಮ್ಮಲ್ಲಿ ಎರಡೂ ಇಲ್ಲ.

ಇನ್ನು ಆಬ್ಜೆಕ್ಟಿವ್. ಇನ್ವರ್ಟೆಡ್‌ನಲ್ಲಿ ಪಾತ್ರೆಯ ತಳವೇ ಕವರ್‌ಸ್ಲಿಪ್ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು). ಮಾಮೂಲಿ ಆಬ್ಜೆಕ್ಟಿವ್ 0.17 ಮಿ.ಮೀ. ಗಾಜಿಗೆ ತಿದ್ದಿದ್ದು. ಫ್ಲಾಸ್ಕಿನ ತಳ ಹೆಚ್ಚುಕಡಿಮೆ 1ರಿಂದ 1.5 ಮಿ.ಮೀ. ದಪ್ಪ. ಆದ್ದರಿಂದ ಕೊಟೇಶನ್‌ನಲ್ಲಿ "ಪ್ಲಾನ್ ಫೇಸ್ 20ಎಕ್ಸ್" ಎಂದಿದ್ದರೆ ಸಾಲದು, ಕೊಳವೆಯ ಮೇಲೆ ಕೊರೆದ ಅಂಕಿ ಓದಿ. ∞/0.17 ಎಂದಿದ್ದರೆ ಅದು ಸ್ಲೈಡ್ ನೋಡುವ ಆಬ್ಜೆಕ್ಟಿವ್. ∞/1, ∞/1.2 ಅಥವಾ 0-2 ಎಂಬ ವ್ಯಾಪ್ತಿ ಇದ್ದರೆ ಫ್ಲಾಸ್ಕಿನದು. ಹಣ ಉಳಿಸಲು ಸ್ಲೈಡ್ ಆಬ್ಜೆಕ್ಟಿವ್‌ಗಳನ್ನೇ ತಲೆಕೆಳಗು ಮಾಡಿ ಜೋಡಿಸಿದ ಅಗ್ಗದ ಬಾಡಿಗಳು ಮಾರುಕಟ್ಟೆಯಲ್ಲಿವೆ. 4 ಮತ್ತು 10ಎಕ್ಸ್‌ನಲ್ಲಿ ಈ ಮೋಸ ಗೊತ್ತೇ ಆಗುವುದಿಲ್ಲ. 20ರಲ್ಲಿ ಅಂಚು ಮೆತ್ತಗಾಗುತ್ತದೆ. 40ರಲ್ಲಿ ಬೆಣ್ಣೆ ಸವರಿದ ಗಾಜಿನಿಂದ ನೋಡಿದ ಹಾಗೆ.

ಕಾರಣ ಸರಳ: ತಳದ ದಪ್ಪ ತಪ್ಪಿದಾಗ ಬರುವ ದೋಷ ಎನ್‌ಎಯ (ಆಬ್ಜೆಕ್ಟಿವ್ ಎಷ್ಟು ಅಗಲದ ಬೆಳಕು ಹಿಡಿಯುತ್ತದೆ ಎಂಬ ಅಳತೆ) ನಾಲ್ಕನೇ ಘಾತದಂತೆ ಏರುತ್ತದೆ. ಎನ್‌ಎ 0.25ರ 10ಎಕ್ಸ್‌ಗೂ 0.6ರ 40ಎಕ್ಸ್‌ಗೂ ಹೋಲಿಸಿದರೆ ಅದೇ ತಳಕ್ಕೆ 33 ಪಟ್ಟು ಹೆಚ್ಚು. ಅದಕ್ಕೇ ಒಳ್ಳೆಯ 40ಎಕ್ಸ್‌ಗೆ 0ರಿಂದ 2 ಮಿ.ಮೀ.ವರೆಗೆ ತಿರುಗಿಸುವ ತಿದ್ದುಪಡಿ ಕಾಲರ್ ಇರುತ್ತದೆ, ಬೆಲೆಯೂ ಅದಕ್ಕೇ ಹೆಚ್ಚು. ಕಾಲರ್ ಇಲ್ಲದ 40ಎಕ್ಸ್ ಒಂದೇ ದಪ್ಪದ ತಳಕ್ಕೆ ಒಗ್ಗುತ್ತದೆ. ಫ್ಲಾಸ್ಕ್, ಪ್ಲೇಟ್, ಡಿಶ್ ಬದಲಾಯಿಸಿದಂತೆಲ್ಲ ಚಿತ್ರವೂ ಬದಲಾಗುತ್ತದೆ. ಕೊಟೇಶನ್ 'ಅ'ದಲ್ಲಿರುವ 40ಎಕ್ಸ್ ಯಾವುದು ಎಂದು ಬರಹದಲ್ಲಿ ಕೇಳಿ.

ವರ್ಕಿಂಗ್ ಡಿಸ್ಟೆನ್ಸ್ (ಫೋಕಸ್ ಆದಾಗ ಆಬ್ಜೆಕ್ಟಿವ್ ತುದಿಯ ಮುಂದೆ ಉಳಿಯುವ ಅಂತರ) ಕೂಡ ನೋಡಿ. ಸ್ಲೈಡಿನ 40ಎಕ್ಸ್‌ಗೆ ಅದು ಸುಮಾರು 0.6 ಮಿ.ಮೀ., ಅಂದರೆ ಫ್ಲಾಸ್ಕಿನ ತಳ ದಾಟುವ ಮೊದಲೇ ಮೂಗು ಬಡಿಯುತ್ತದೆ. 96 ವೆಲ್ ಪ್ಲೇಟ್‌ಗೆ ಸುತ್ತ ಅಂಚುಪಟ್ಟಿ ಇದ್ದು ವೆಲ್ ತಳ ಸ್ಟೇಜಿನಿಂದ ಮೇಲೆ ನಿಂತಿರುತ್ತದೆ, ಹಾಗಾಗಿ ಆಬ್ಜೆಕ್ಟಿವ್ ಇನ್ನಷ್ಟು ಏರಬೇಕು. ಮೊದಲ ಮತ್ತು ಕೊನೆಯ ಸಾಲಿನ ವೆಲ್ ನೋಡುವಾಗ ಅದೇ ಪಟ್ಟಿ ಆಬ್ಜೆಕ್ಟಿವ್ ಪಕ್ಕಕ್ಕೆ ತಾಗುತ್ತದೆ. 20ಎಕ್ಸ್‌ಗೆ 3 ಮಿ.ಮೀ. ಕನಿಷ್ಠ, 6ರಿಂದ 8 ಇದ್ದರೆ ನೆಮ್ಮದಿ.

ಮೇಲಿನಿಂದ ಬೆಳಕು ಹಾಯಿಸುವ ಕಂಡೆನ್ಸರ್‌ಗೂ ಅಂತರ ಬೇಕು. ಸುಮಾರು 70 ಮಿ.ಮೀ. ಜಾಗ ಇದ್ದರೆ ಟಿ-75 ಆರಾಮಾಗಿ ಕೂರುತ್ತದೆ, ಟಿ-175 ಬಂದರೂ ತೊಂದರೆಯಿಲ್ಲ.

40ಎಕ್ಸ್ ಇಲ್ಲದೆ ನಡೆಯುತ್ತದೆ. ದಿನದ ಕೆಲಸದ ಬಹುಪಾಲು 10ಎಕ್ಸ್‌ನಲ್ಲೇ ಮುಗಿಯುತ್ತದೆ. ಅನುಮಾನ ಬಂದದ್ದನ್ನು 20ರಲ್ಲಿ ನೋಡುತ್ತೀರಿ: ಬ್ಯಾಕ್ಟೀರಿಯಾ ಆದರೆ ಕೋಶಗಳ ನಡುವಿನ ಖಾಲಿ ಜಾಗದಲ್ಲಿ ಮಿಣಿಮಿಣಿ ಓಡಾಡುವ ಚುಕ್ಕೆಗಳು, ಯೀಸ್ಟ್ ಆದರೆ ಮೊಗ್ಗು ಬಿಟ್ಟ ಹೊಳೆಯುವ ಮಣಿಸರ. ನಿಂತಲ್ಲೇ ನಡುಗುವ ಚುಕ್ಕೆ ಸತ್ತ ಕೋಶದ ಚೂರೂ ಆಗಿರಬಹುದು; ಫ್ಲಾಸ್ಕನ್ನು ಇನ್‌ಕ್ಯುಬೇಟರಿಗೆ ವಾಪಸ್ ಇಟ್ಟು ಮೂರು ನಾಲ್ಕು ಗಂಟೆ ಬಿಟ್ಟು ನೋಡಿ, ಹೆಚ್ಚಾಗಿದ್ದರೆ ಬ್ಯಾಕ್ಟೀರಿಯಾ. ಮೈಕೋಪ್ಲಾಸ್ಮಾ (ಅತಿ ಸಣ್ಣ ಬ್ಯಾಕ್ಟೀರಿಯಾ) ಮಾತ್ರ 40ರಲ್ಲೂ ಕಾಣುವುದಿಲ್ಲ. ಅದಕ್ಕೆ ಪಿಸಿಆರ್ ಅಥವಾ ಹೋಕ್ಸ್ಟ್ ಬಣ್ಣ. "40ಎಕ್ಸ್ ಇದ್ದರೆ ಮೈಕೋಪ್ಲಾಸ್ಮಾ ಕಾಣುತ್ತೆ ಸರ್" ಎಂದು ಮಾರುವವರು ಹೇಳಿದರೆ ನಕ್ಕು ಸುಮ್ಮನಾಗಿ.

ಧಾರವಾಡ_ಪೇಢೆ

40ಎಕ್ಸ್ ಬ್ಯಾಡ ಅನ್ನೂದನ್ನ ನಾ ಪೂರ್ತಿ ಒಪ್ಪೂದಿಲ್ಲ. ಕೋಶದಾಗ ವ್ಯಾಕ್ಯೂಲ್ ಎದ್ದಾವೋ ಇಲ್ಲೋ, ಬ್ಯಾಕ್ಟೀರಿಯಾ ಉದ್ದಂದೋ ದುಂಡಂದೋ ನೋಡಬೇಕಂದ್ರ 20 ಸಾಲಂಗಿಲ್ಲ. ಆದ್ರ ಕಾಲರ್ ಇಲ್ಲದ 40 ತಗೊಳ್ಳೂದಕ್ಕಿಂತ ಇಲ್ಲದ್ದ ಚಲೋ, ಅದು ಖರೆ. ನಡುವಿನ ದಾರಿ ಏನಂದ್ರ, ನೋಸ್‌ಪೀಸಿನ್ಯಾಗ (ಆಬ್ಜೆಕ್ಟಿವ್ ಕೂಡಸೂ ತಿರುಗಣಿ) ನಾಕು ಇಲ್ಲಾ ಐದು ತೂತು ಇರಬೇಕು, ಫೇಸ್ ಉಂಗುರದ ಸ್ಲೈಡರ್ 40ಕ್ಕೂ ಹೊಂದಬೇಕು. ಇವೆರಡು ಟೆಂಡರ್‌ನಾಗ ಬರೀರಿ. ಕಾಲರ್ ಇರೂ 40ಎಕ್ಸ್ ಮುಂದಿನ ವರ್ಷ ತಗೊಳ್ರಿ.

ತಳದಿಂದ_ನೋಡಿ

ಒಪ್ಪಿದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ: ಮುಂದಿನ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಕಂಪನಿಯ 40ಎಕ್ಸ್ ತರಬೇಡಿ. ನಿಕಾನ್‌ನ ಟ್ಯೂಬ್ ಲೆನ್ಸ್ (ಬಾಡಿಯೊಳಗೆ ಚಿತ್ರ ಮೂಡಿಸುವ ಲೆನ್ಸ್) 200 ಮಿ.ಮೀ., ಒಲಿಂಪಸ್‌ನದು 180, ಝೈಸ್‌ನದು 165. ನಿಕಾನ್ ಆಬ್ಜೆಕ್ಟಿವ್‌ನ ಪಾರ್‌ಫೋಕಲ್ ಉದ್ದ (ಕೂರುವ ಭುಜದಿಂದ ಕೋಶದವರೆಗೆ) 60 ಮಿ.ಮೀ., ಒಲಿಂಪಸ್, ಝೈಸ್‌ನದು 45. ತಿರುಪಿನ ಮರೆಯ ಅಳತೆಯೂ ಬೇರೆ. ಅಡಾಪ್ಟರ್ ಹಾಕಿ ಕೂರಿಸಿದರೂ ವರ್ಧನೆ 40 ಇರುವುದಿಲ್ಲ, ಸ್ಕೇಲ್ ಬಾರ್ ಸುಳ್ಳು ಹೇಳುತ್ತದೆ. ಫೇಸ್ ಉಂಗುರ ಕೂಡುವುದಂತೂ ಅದೃಷ್ಟ.

ಉಂಗುರ_ಹೊಂದಿಸುವವರು

ಫೇಸ್ ಕಾಂಟ್ರಾಸ್ಟ್ ಬಗ್ಗೆ ನಾಲ್ಕು ಮಾತು. ಹೊಸ ಲ್ಯಾಬ್‌ಗಳಲ್ಲಿ "ಮೈಕ್ರೋಸ್ಕೋಪ್ ಚೆನ್ನಾಗಿಲ್ಲ" ಎಂಬ ದೂರಿನ ಅರ್ಧ ಭಾಗ ಇಲ್ಲಿಂದಲೇ ಹುಟ್ಟುತ್ತದೆ. ಝೆರ್ನಿಕೆ 1953ರಲ್ಲಿ ನೊಬೆಲ್ ಪಡೆದ ಉಪಾಯ ಇದು: ಬಣ್ಣ ಹಾಕದ ಕೋಶ ಬೆಳಕನ್ನು ನುಂಗುವುದಿಲ್ಲ, ತುಸು ತಡಮಾಡುತ್ತದೆ, ಆ ತಡವನ್ನು ಕಪ್ಪುಬಿಳುಪಾಗಿ ಮಾರ್ಪಡಿಸುವುದು. ಅದಕ್ಕೆ ಕಂಡೆನ್ಸರ್‌ನಲ್ಲಿ ಒಂದು ಬೆಳಕಿನ ಉಂಗುರ, ಆಬ್ಜೆಕ್ಟಿವ್ ಒಳಗೆ ಒಂದು ಮಬ್ಬು ಉಂಗುರ. ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು.

ಹೊಂದಿಸುವ ಕ್ರಮ: ಕೋಶ ಇರುವ ಫ್ಲಾಸ್ಕನ್ನೇ ಇಟ್ಟು 10ಎಕ್ಸ್‌ನಲ್ಲಿ ಫೋಕಸ್ ಮಾಡಿ. ಒಂದು ಐಪೀಸ್ ತೆಗೆದು ಆ ಜಾಗಕ್ಕೆ ಸೆಂಟರಿಂಗ್ ಟೆಲಿಸ್ಕೋಪ್ ಹಾಕಿ, ಅದರ ತುದಿ ತಿರುಗಿಸುತ್ತಾ ಉಂಗುರಗಳು ಚುರುಕಾಗಿ ಕಾಣುವವರೆಗೆ ಬನ್ನಿ. ಕಪ್ಪುಂಗುರ ಅಲ್ಲಾಡುವುದಿಲ್ಲ, ಬಿಳಿಯುಂಗುರ ಅಲ್ಲಾಡುತ್ತದೆ. ಕಂಡೆನ್ಸರ್ ಸ್ಲೈಡರಿನ ಎರಡು ತಿರುಪುಗಳನ್ನು ಸಣ್ಣ ಅಲೆನ್ ಕೀಯಿಂದ ಒಂದಿಷ್ಟಿಷ್ಟೇ ತಿರುಗಿಸಿ ಬಿಳಿಯನ್ನು ಕಪ್ಪಿನೊಳಗೆ ಕೂರಿಸಿ. ಬಿಳಿಯ ಅಂಚು ಕೂದಲೆಳೆಯಷ್ಟು ಹೊರಗೆ ಇಣುಕಿದರೂ ಕಾಂಟ್ರಾಸ್ಟ್ ಇಳಿಯುತ್ತದೆ. 20ಕ್ಕೆ ಹೋಗಿ ಮತ್ತೆ ಪರೀಕ್ಷಿಸಿ. ಒಲಿಂಪಸ್ ಸಿಕೆಎಕ್ಸ್53ರಂಥ ಕೆಲವು ಮಾದರಿಗಳಲ್ಲಿ 4ರಿಂದ 40ಎಕ್ಸ್‌ವರೆಗೆ ಒಂದೇ ಉಂಗುರ, ಸ್ಲೈಡರ್ ಎಳೆದಾಡುವ ಕೆಲಸವಿಲ್ಲ. ವಿದ್ಯಾರ್ಥಿಗಳು ಹತ್ತು ಜನ ಬಳಸುವ ಕಡೆ ಇದೊಂದು ಅನುಕೂಲಕ್ಕೇ ಅಂಕ ಕೊಡಬೇಕು.

ಸೆಂಟರಿಂಗ್ ಟೆಲಿಸ್ಕೋಪ್ ಕೊಟೇಶನ್‌ನಲ್ಲಿ ಇದೆಯಾ ನೋಡಿ. ಎಷ್ಟೋ ಸಲ ಅದನ್ನು "ಐಚ್ಛಿಕ" ಎಂದು ಬಿಟ್ಟಿರುತ್ತಾರೆ.

ಚಿತ್ರ ನೋಡಿ ತಪ್ಪು ಹಿಡಿಯುವುದು ಹೀಗೆ. ಕೋಶದ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಮಗ್ಗುಲು ನೆರಳು ಕಂಡರೆ ಉಂಗುರ ಸರಿದಿದೆ. ಇಡೀ ಹಿನ್ನೆಲೆ ಬೆಳಕಾಗಿ ಕೋಶ ಮಾಯವಾದರೆ ಆ ಆಬ್ಜೆಕ್ಟಿವ್‌ಗೆ ಸೇರದ ಉಂಗುರ ಹಾಕಿದ್ದೀರಿ. ಹಾಲು ಚೆಲ್ಲಿದ ಹಾಗೆ ಕಂಡರೆ ಫ್ಲಾಸ್ಕಿನ ಚಾವಣಿಯಲ್ಲಿ ಇಬ್ಬನಿ ಇದೆ ಅಥವಾ ಆಬ್ಜೆಕ್ಟಿವ್ ಮೇಲೆ ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ) ಒಣಗಿದೆ. ದುಂಡಗಾದ ಕೋಶದ ಸುತ್ತ ಹೊಳೆಯುವ ಪ್ರಭೆ ಮಾತ್ರ ದೋಷವಲ್ಲ, ಫೇಸ್‌ನ ಗುಣವೇ ಹಾಗೆ. ಟ್ರಿಪ್ಸಿನ್ ಕೆಲಸ ಮಾಡಿದೆ ಎಂದು ನೀವು ಗುರುತಿಸುವುದೇ ಆ ಪ್ರಭೆಯಿಂದ.

ಇಬ್ಬನಿಯದು ದಿನನಿತ್ಯದ ಗೋಳು. 37 ಡಿಗ್ರಿಯಿಂದ ತೆಗೆದ ಫ್ಲಾಸ್ಕ್ 22 ಡಿಗ್ರಿಯ ಎಸಿ ರೂಮಿಗೆ ಬಂದರೆ ಕೆಲವೇ ನಿಮಿಷದಲ್ಲಿ ಒಳಚಾವಣಿ ಬೆವರುತ್ತದೆ. ತೆಗೆದ ತಕ್ಷಣ ನೋಡಿ, ತಡವಾದರೆ ಅಂಗೈಯನ್ನು ಫ್ಲಾಸ್ಕಿನ ನೆತ್ತಿಯ ಮೇಲೆ ಅರ್ಧ ನಿಮಿಷ ಇಡಿ, ಹೋಗುತ್ತದೆ. ಮಟ್ಟಸವಾಗಿ ಎತ್ತಿಕೊಂಡು ಬನ್ನಿ. ವಾಲಿಸಿದರೆ ಮೀಡಿಯಾ ಚಾವಣಿಗೆ ಮೆತ್ತಿ ಹನಿಹನಿ ಲೆನ್ಸ್‌ಗಳಾಗುತ್ತದೆ. ಕುತ್ತಿಗೆಗೆ ಹರಿದರೆ ಸೋಂಕಿಗೆ ನೀವೇ ದಾರಿ ಮಾಡಿಕೊಟ್ಟಂತೆ.

96 ವೆಲ್ ಬಗ್ಗೆ ನಿರೀಕ್ಷೆ ಇಳಿಸಿಕೊಳ್ಳಿ. 6 ಮಿ.ಮೀ. ಚಿಲ್ಲರೆ ಅಗಲದ ವೆಲ್‌ನಲ್ಲಿ ಮೀಡಿಯಾದ ಮೇಲ್ಮೈ ಬಟ್ಟಲಿನಂತೆ ಬಾಗಿರುತ್ತದೆ, ಅದೇ ಒಂದು ಲೆನ್ಸ್ ಆಗಿ ಬಿಳಿಯುಂಗುರವನ್ನು ಪಕ್ಕಕ್ಕೆ ತಳ್ಳುತ್ತದೆ. ವೆಲ್‌ನ ನಟ್ಟನಡುವೆ ಫೇಸ್ ಸರಿ, ಅಂಚಿಗೆ ಹೋದಂತೆ ಕೆಡುತ್ತದೆ. ಯಾವ ಕಂಪನಿಯದಾದರೂ ಇಷ್ಟೇ. ಅಂಚಿನ ಕೋಶವೂ ಬೇಕೆಂದರೆ ವೆಲ್ ತುಂಬ ಮೀಡಿಯಾ ಹಾಕಿ ಮೇಲ್ಮೈ ಚಪ್ಪಟೆ ಮಾಡಬಹುದು, ಕೊನೆಯ ಫೋಟೊಗೆ ಪರವಾಗಿಲ್ಲ. ನಿಕಾನ್ ಟಿಎಸ್2ರಲ್ಲಿ ಎಂಬಾಸ್ ಕಾಂಟ್ರಾಸ್ಟ್, ಸಿಕೆಎಕ್ಸ್53ರಲ್ಲಿ ಇನ್ವರ್ಶನ್ ಕಾಂಟ್ರಾಸ್ಟ್ ಎಂಬ ಆಯ್ಕೆಗಳಿವೆ; ಪ್ಲಾಸ್ಟಿಕ್‌ನಲ್ಲೂ ನಡೆಯುತ್ತವೆ. ಡೆಮೊದಲ್ಲಿ ನಿಮ್ಮ ಪ್ಲೇಟ್ ಇಟ್ಟು ನೋಡಿಯೇ ನಿರ್ಧರಿಸಿ.

ಪಿಕ್ಸೆಲ್_ಲೆಕ್ಕ

ಕ್ಯಾಮೆರಾ. 18 ಮೆಗಾಪಿಕ್ಸೆಲ್ ಕಂಡು ಮರುಳಾಗಬೇಡಿ, ಲೆಕ್ಕ ಮಾಡೋಣ.

20ಎಕ್ಸ್, ಎನ್‌ಎ 0.4, ಹಸಿರು ಬೆಳಕು 0.55 ಮೈಕ್ರಾನ್. ಬೇರೆಬೇರೆಯಾಗಿ ಕಾಣುವ ಅತಿ ಸಣ್ಣ ಅಂತರ 0.61 × 0.55 ÷ 0.4, ಅಂದರೆ 0.84 ಮೈಕ್ರಾನ್. ಅದು 20 ಪಟ್ಟು ಹಿಗ್ಗಿ 0.5ಎಕ್ಸ್ ಸಿ-ಮೌಂಟ್ (ಕ್ಯಾಮೆರಾ ಜೋಡಿಸುವ ಅಡಾಪ್ಟರ್) ದಾಟಿ ಸೆನ್ಸರ್ ಮೇಲೆ ಬೀಳುವಾಗ 8.4 ಮೈಕ್ರಾನ್. ಒಂದು ಅಂತರಕ್ಕೆ ಎರಡು ಪಿಕ್ಸೆಲ್ ಬೇಕೆಂಬ ನಿಯಮದಂತೆ ಪಿಕ್ಸೆಲ್ 4.2 ಮೈಕ್ರಾನ್ ಅಥವಾ ಕಡಿಮೆ ಇದ್ದರೆ ಆಯಿತು. ಎನ್‌ಎ 0.25ರ 10ಎಕ್ಸ್‌ಗೆ ಇದೇ ಲೆಕ್ಕ 3.35ಕ್ಕೆ ಬರುತ್ತದೆ. 2/3 ಇಂಚಿನ 5 ಮೆಗಾಪಿಕ್ಸೆಲ್ ಸೆನ್ಸರ್‌ಗಳಲ್ಲಿ ಮಾಮೂಲಿಯಾಗಿ ಸಿಗುವ ಪಿಕ್ಸೆಲ್ 3.45. ಹೆಚ್ಚುಕಡಿಮೆ ಸರಿಯಾಗಿ ಕೂತಿತು.

18 ಮೆಗಾಪಿಕ್ಸೆಲ್‌ನದು ಹೆಚ್ಚಾಗಿ 1/2.3 ಇಂಚಿನ ಸೆನ್ಸರ್, ಪಿಕ್ಸೆಲ್ 1.25 ಮೈಕ್ರಾನ್. ಆಬ್ಜೆಕ್ಟಿವ್ ಕೊಡದ ವಿವರವನ್ನು ಅದು ಎಲ್ಲಿಂದ ತರಬೇಕು? ಫೈಲ್ ದೊಡ್ಡದಾಗುತ್ತದೆ ಅಷ್ಟೆ. ಪಿಕ್ಸೆಲ್ ವಿಸ್ತೀರ್ಣದಲ್ಲಿ 3.45ರದು 1.25ರದಕ್ಕಿಂತ 7.6 ಪಟ್ಟು ದೊಡ್ಡದು, ಬೆಳಕೂ ಅಷ್ಟೇ ಹೆಚ್ಚು ಹಿಡಿಯುತ್ತದೆ. ಮಂಕು ಜಿಎಫ್‌ಪಿಯಲ್ಲಿ ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ವ್ಯತ್ಯಾಸ ಇದೇ.

ಅಡಾಪ್ಟರ್ ಅಳತೆ ಮರೆಯಬೇಡಿ. 2/3 ಇಂಚಿನ ಸೆನ್ಸರ್‌ಗೆ 0.5ಎಕ್ಸ್ ಹಾಕಿದರೆ 10ಎಕ್ಸ್‌ನಲ್ಲಿ ಸುಮಾರು 1.7 × 1.4 ಮಿ.ಮೀ. ಜಾಗ ಸಿಗುತ್ತದೆ. ಅದೇ 1ಎಕ್ಸ್ ಅಡಾಪ್ಟರ್ ಆದರೆ ಉದ್ದ ಅಗಲ ಎರಡೂ ಅರ್ಧ. ಫೀಲ್ಡ್ ನಂಬರ್ 20ರ ಐಪೀಸ್‌ನಲ್ಲಿ ಕಣ್ಣಿಗೆ 2 ಮಿ.ಮೀ. ವೃತ್ತ ಕಾಣುತ್ತಿರುವಾಗ ಪರದೆಯ ಮೇಲೆ ಅದರ ಮೂಲೆಯೊಂದು ಮಾತ್ರ ಬಂದರೆ ಸ್ಕ್ರ್ಯಾಚ್ ಅಸ್ಸೇಗೆ ತಲೆನೋವು.

ಬಣ್ಣವೋ ಕಪ್ಪುಬಿಳುಪೋ? ಫೇಸ್‌ನಲ್ಲಿ ಬಣ್ಣವೇ ಇಲ್ಲ, ಜಿಎಫ್‌ಪಿ ಒಂದೇ ಬಣ್ಣ. ಬಣ್ಣದ ಸೆನ್ಸರ್‌ನಲ್ಲಿ ಹಸಿರು ಹಿಡಿಯುವುದು ಅರ್ಧದಷ್ಟು ಪಿಕ್ಸೆಲ್ ಮಾತ್ರ. ಕಪ್ಪುಬಿಳುಪೇ ಸರಿ. ಕ್ರಿಸ್ಟಲ್ ವಯೊಲೆಟ್, ಆಯಿಲ್ ರೆಡ್ ಓ ಥರದ ಬಣ್ಣ ಹಾಕಿದ ಪ್ಲೇಟ್‌ಗಳ ಫೋಟೊ ಕೂಡ ಇದರಲ್ಲೇ ಬೇಕೆಂದರೆ ಮಾತ್ರ ಬಣ್ಣದ್ದು ತಗೊಳ್ಳಿ.

ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೋಶರ್ ಮತ್ತು ಗೇನ್ ಕೈಯಿಂದ ಕಟ್ಟಿಹಾಕಲು ಬರಬೇಕು. ಆಟೊ ಬಿಟ್ಟರೆ ಟ್ರಾನ್ಸ್‌ಫೆಕ್ಟ್ ಆಗದ ಕಂಟ್ರೋಲ್ ವೆಲ್ ಕೂಡ ಹಸಿರಾಗಿ ಕಾಣುತ್ತದೆ. 12 ಬಿಟ್ ಟಿಫ್ ಉಳಿಸಬೇಕು, ಬರೀ ಜೆಪೆಗ್ ಆದರೆ ಅಳತೆಗೆ ಬರುವುದಿಲ್ಲ. ಕ್ಯಾಮೆರಾ ನಡೆಸುವ ಮೈಕ್ರೊ-ಮ್ಯಾನೇಜರ್ ಸಾಫ್ಟ್‌ವೇರ್‌ಗೆ ಕ್ಯಾಮೆರಾ ಹೊಂದುತ್ತದಾ ಕೇಳಿ. ಚಿತ್ರದ ವಿಶ್ಲೇಷಣೆಗೆ ಫಿಜಿ ಎಂಬ ಸಾಫ್ಟ್‌ವೇರ್ ಸಾಕು, ಎರಡೂ ಉಚಿತ. 1 ಮಿ.ಮೀ.ಯನ್ನು 100 ಭಾಗ ಮಾಡಿದ ಸ್ಟೇಜ್ ಮೈಕ್ರೊಮೀಟರ್ ಒಂದು ಜೊತೆಗೇ ತರಿಸಿ, ಪ್ರತಿ ಆಬ್ಜೆಕ್ಟಿವ್‌ಗೂ ಸ್ಕೇಲ್ ಅಳೆದು ಗೋಡೆಗೆ ಅಂಟಿಸಿ.

ಸ್ಕ್ರ್ಯಾಚ್‌ಗೆ ಒಂದು ಕಿವಿಮಾತು: ಗೀರು ಎಳೆಯುವ ಮೊದಲು 6 ವೆಲ್ ಪ್ಲೇಟಿನ ತಳಕ್ಕೆ ಹೊರಗಿನಿಂದ ಸಪೂರ ಮಾರ್ಕರ್‌ನಲ್ಲಿ ಅಡ್ಡಗೆರೆ ಹಾಕಿ. ಗೀರು ಅದನ್ನು ದಾಟುವ ಜಾಗದ ಮೇಲೊಂದು ಕೆಳಗೊಂದು ಫೋಟೊ. 0 ಗಂಟೆಗೂ 24 ಗಂಟೆಗೂ ಅದೇ ಜಾಗ ಸಿಗುತ್ತದೆ. ಗೆರೆಯ ಮೇಲೇ ಫೋಟೊ ತೆಗೆಯಬೇಡಿ, ಶಾಯಿ ಫೇಸ್ ಕೆಡಿಸುತ್ತದೆ.

ಟಿ25_ಕರಾವಳಿ

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕೊಟೇಶನ್ 'ಆ' ಕಡೆಗೆ ವಾಲುತ್ತಿದ್ದೇವೆ. ಅದರ ಫ್ಲೋರೊಸೆನ್ಸ್ ಬಗ್ಗೆ ಕೊಟೇಶನ್‌ನಲ್ಲಿ "ನೀಲಿ ಎಲ್‌ಇಡಿ, ಫಿಲ್ಟರ್ ಸಹಿತ" ಎಂದಷ್ಟೇ ಇದೆ. ಇನ್ನೇನು ಕೇಳಬೇಕು? ಟೈಮ್‌ಲ್ಯಾಪ್ಸ್ ಪ್ರಶ್ನೆ ಹಾಗೇ ಉಳಿದಿದೆ.

ಹಸಿರು_ಕೋಶ

"ಫಿಲ್ಟರ್ ಸಹಿತ" ಎಂದರೆ ಏನೂ ಹೇಳಿದಂತಾಗಲಿಲ್ಲ. ಅಂಕಿ ಕೇಳಿ. ಜಿಎಫ್‌ಪಿಗೆ ಒಪ್ಪುವ ಜೋಡಿ: ಪ್ರಚೋದನೆ 470/40 (ತರಂಗಾಂತರದ ನಡು/ಅಗಲ, ನ್ಯಾನೊಮೀಟರ್‌ನಲ್ಲಿ), ಡೈಕ್ರೋಯಿಕ್ (ಎರಡು ಬೆಳಕು ಬೇರ್ಪಡಿಸುವ ಕನ್ನಡಿ) 495, ಹೊರಬರುವ ಬೆಳಕಿಗೆ 525/50. ಕೊನೆಯದು ಬ್ಯಾಂಡ್‌ಪಾಸ್ ಆಗಿರಲಿ. 515ರಿಂದಾಚೆ ಎಲ್ಲ ಬಿಡುವ ಲಾಂಗ್‌ಪಾಸ್ ಕೊಟ್ಟರೆ ಫೀನಾಲ್ ರೆಡ್ (ಮೀಡಿಯಾದ ಪಿಎಚ್ ತೋರಿಸುವ ಬಣ್ಣ), ಸೀರಮ್, ಸತ್ತ ಕೋಶ ಎಲ್ಲ ಹಳದಿಹಸಿರಾಗಿ ಹೊಳೆದು ಎಣಿಕೆ ತಪ್ಪುತ್ತದೆ. ನೋಡುವ ಮೊದಲು ಮೀಡಿಯಾ ತೆಗೆದು ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಅಥವಾ ಫೀನಾಲ್ ರೆಡ್ ಇಲ್ಲದ ಮೀಡಿಯಾ ಹಾಕಿದರೆ ಹಿನ್ನೆಲೆ ಗಣನೀಯವಾಗಿ ಇಳಿಯುತ್ತದೆ. ಹೆಕ್ 293 ತಳಕ್ಕೆ ಸಡಿಲವಾಗಿ ಅಂಟಿಕೊಳ್ಳುವ ಜಾತಿ. ಬದಲಿಸುವ ದ್ರವ ಬೆಚ್ಚಗಿರಲಿ, ವೆಲ್ ಗೋಡೆಯಿಂದ ಮೆಲ್ಲಗೆ ಇಳಿಸಿ, ಇಲ್ಲದಿದ್ದರೆ ಕೋಶ ಹಾಳೆಹಾಳೆಯಾಗಿ ಏಳುತ್ತದೆ.

ಆಬ್ಜೆಕ್ಟಿವ್‌ಗೆ ಇನ್ನೊಂದು ಲೆಕ್ಕ. ಫ್ಲೋರೊಸೆನ್ಸ್‌ನಲ್ಲಿ ಚಿತ್ರದ ಪ್ರಖರತೆ ಎನ್‌ಎಯ ನಾಲ್ಕನೇ ಘಾತವನ್ನು ವರ್ಧನೆಯ ವರ್ಗದಿಂದ ಭಾಗಿಸಿದಷ್ಟು. ಇದರಂತೆ 20ಎಕ್ಸ್‌ನ ಎನ್‌ಎ 0.40 ಬದಲು 0.45 ಇದ್ದರೆ 1.6 ಪಟ್ಟು ಪ್ರಖರ. 0.45ರ 20ಎಕ್ಸ್, 0.6ರ 40ಎಕ್ಸ್‌ಗಿಂತಲೂ ಪ್ರಖರ. ಕ್ಯಾಮೆರಾದಲ್ಲಿ ಉಳಿಸಿದ ದುಡ್ಡನ್ನು ಇಲ್ಲಿ ಹಾಕಿ.

ದೀಪ ಎಲ್‌ಇಡಿಯೇ ಇರಲಿ. ಹಳೆಯ 100 ವಾಟ್ ಪಾದರಸದ ಬಲ್ಬಿಗೆ 200–300 ಗಂಟೆ ಆಯಸ್ಸು, ಆರಿಸಿದ ಮೇಲೆ ತಣಿಯುವವರೆಗೆ ಹೊತ್ತಿಸುವ ಹಾಗಿಲ್ಲ. ಮುಖ್ಯವಾಗಿ ಎಲ್‌ಇಡಿಯನ್ನು ಫೋಟೊ ತೆಗೆಯುವ ಕ್ಷಣಕ್ಕಷ್ಟೇ ಬೆಳಗಿಸಬಹುದು. ನೀಲಿ ಬೆಳಕು ಹೊತ್ತಿಸಿಟ್ಟು ಫೋಕಸ್ ಹುಡುಕಬೇಡಿ: ಫೇಸ್‌ನಲ್ಲಿ ಫೋಕಸ್ ಮಾಡಿ, ಆಮೇಲೆ ನೀಲಿ. ಮೀಡಿಯಾದಲ್ಲಿನ ರೈಬೋಫ್ಲಾವಿನ್ ಬೆಳಕು ಕುಡಿದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಹೆಪಿಸ್ ಎಂಬ ಬಫರ್ ಇದ್ದರೆ ಇನ್ನೂ ಹೆಚ್ಚು. "ಟ್ರಾನ್ಸ್‌ಫೆಕ್ಷನ್ ರಿಯೇಜೆಂಟ್ ವಿಷ" ಎಂದು ದೂರುವ ಮುನ್ನ ಇದನ್ನು ಯೋಚಿಸಿ. ಸ್ಟೇಜಿನ ಮೇಲೆ ಮುಚ್ಚುವ ಕಪ್ಪು ತಟ್ಟೆ ಜೊತೆಗೆ ಬರುತ್ತದಾ ಕೇಳಿ. ಇಲ್ಲದಿದ್ದರೆ ಟ್ಯೂಬ್‌ಲೈಟ್ ಆರಿಸಿಕೊಂಡು ಕೂರಬೇಕು.

ಟೈಮ್‌ಲ್ಯಾಪ್ಸ್: ಈ ವರ್ಗದ ಬಾಡಿಯಲ್ಲಿ ರಾತ್ರಿಯಿಡೀ ಬೇಡ. ಬೈಕಾರ್ಬೊನೇಟ್ ಮೀಡಿಯಾಕ್ಕೆ 5 ಶೇಕಡಾ ಕಾರ್ಬನ್ ಡೈಆಕ್ಸೈಡ್ ತಪ್ಪಿದರೆ ಪಿಎಚ್ ಏರಿ ಕೆಂಪು ಮೀಡಿಯಾ ನೇರಳೆಗೆ ತಿರುಗುತ್ತದೆ. ಸ್ಟೇಜ್ ಮೇಲೆ ಕೂರುವ ಪುಟ್ಟ ಇನ್‌ಕ್ಯುಬೇಟರ್ ಕೊಂಡರೂ ಎರಡು ಕಾಟ ಉಳಿಯುತ್ತದೆ. ಒಂದು, ಆವಿ: ತೇವ ಕೊಡದಿದ್ದರೆ ಮೀಡಿಯಾ ಗಟ್ಟಿಯಾಗಿ ಉಪ್ಪಿನಂಶ ಏರುತ್ತದೆ. ಇನ್ನೊಂದು, ಫೋಕಸ್ ಜಾರುವುದು: ರೂಮಿನ ಎಸಿ ಒಂದು ಡಿಗ್ರಿ ಆಚೀಚೆ ಆದರೂ ಲೋಹ ಹಿಗ್ಗಿ ಕುಗ್ಗಿ ಬೆಳಗ್ಗೆ ಹೊತ್ತಿಗೆ ಕೋಶ ಮಸುಕು. ಅದನ್ನು ಹಿಡಿದಿಡುವ ವ್ಯವಸ್ಥೆಗಳು, ನಿಕಾನ್‌ನ ಪರ್ಫೆಕ್ಟ್ ಫೋಕಸ್, ಝೈಸ್‌ನ ಡೆಫಿನಿಟ್ ಫೋಕಸ್ ಥರದವು, ಮೋಟರ್ ಇರುವ ದೊಡ್ಡ ಬಾಡಿಗಳಿಗೆ. ನಿಮ್ಮ ಬಜೆಟ್ ಅಲ್ಲ. ವರ್ಷಕ್ಕೆ ನಾಲ್ಕು ಪ್ರಯೋಗಕ್ಕೆ ಬೆಂಗಳೂರಿನ ಎನ್‌ಸಿಬಿಎಸ್, ಸಿ-ಕ್ಯಾಂಪ್ ಸಂಶೋಧನಾ ಕ್ಯಾಂಪಸ್ಸಿನ ಇಮೇಜಿಂಗ್ ಫೆಸಿಲಿಟಿಯನ್ನು ವಿಚಾರಿಸುವುದು ಲೇಸು. ಹೋಗುವಾಗ 0.17 ಮಿ.ಮೀ. ಗಾಜಿನ ತಳದ ಡಿಶ್‌ನಲ್ಲೇ ಕೋಶ ಬೆಳೆಸಿರಬೇಕು.

ಇನ್ವರ್ಟೆಡ್ ಮೈಕ್ರೋಸ್ಕೋಪನ್ನೇ ಕಲ್ಚರ್ ಇನ್‌ಕ್ಯುಬೇಟರ್ ಒಳಗೆ ಇಡುವ ಯೋಚನೆ ಯಾರಾದರೂ ಕೊಟ್ಟರೆ ಬೇಡ ಎನ್ನಿ. ಒಳಗಿನ ತೇವ 90 ಶೇಕಡಾ ದಾಟಿರುತ್ತದೆ. ಅದಕ್ಕೆಂದೇ ಮಾಡಿದ ಪುಟ್ಟ ಉಪಕರಣಗಳು ಬೇರೆ ಇವೆ.

ಸ್ಕ್ರೂಡ್ರೈವರ್

ಸರ್ವಿಸ್ ಮಾಡುವವನ ಕಣ್ಣಿನಿಂದ. ಊರು ಮಂಗಳೂರು ಎಂದಿರಿ, ಅಲ್ಲಿಗೆ ಮೊದಲ ಶತ್ರು ಬೂಸ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್ ಒಳಗೆ ಜೇಡರ ಬಲೆಯಂತೆ ಎಳೆ ಬಿಡುತ್ತದೆ. ಒಮ್ಮೆ ಕೋಟಿಂಗ್ ತಿಂದರೆ ತಿರುಗಿ ಬರುವುದಿಲ್ಲ. ಹಗಲು ಎಸಿ, ರಾತ್ರಿ ಬಂದ್ ಎಂಬ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು: ತಣ್ಣಗಾದ ಗಾಜಿನ ಮೇಲೆ ಹೊರಗಿನ ತೇವದ ಗಾಳಿ ಬಂದು ಇಬ್ಬನಿ ಕೂರುತ್ತದೆ. ಡೀಹ್ಯೂಮಿಡಿಫೈಯರ್ ಹಾಕಿ ರೂಮಿನ ತೇವ ದಿನವಿಡೀ 50–55 ಶೇಕಡಾದ ಆಸುಪಾಸು ಹಿಡಿಯಿರಿ. ಒಂದು ಅಗ್ಗದ ಹೈಗ್ರೊಮೀಟರ್ ಮೈಕ್ರೋಸ್ಕೋಪ್ ಪಕ್ಕದಲ್ಲೇ ಇರಲಿ. ದೀಪ ಬಿಸಿಯಿರುವಾಗ ಪ್ಲಾಸ್ಟಿಕ್ ಮುಸುಕು ಹಾಕಬೇಡಿ. ಮುಸುಕಿನೊಳಗೆ ಸಿಲಿಕಾ ಜೆಲ್ ಇಡುವವರು ಅದು ನೀಲಿಯಿಂದ ಗುಲಾಬಿಯಾದ ಮೇಲೂ ತಿಂಗಳುಗಟ್ಟಲೆ ಬಿಡುತ್ತಾರೆ. 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ವಾಪಸ್ ಇಡಿ.

ಎರಡನೆಯ ಶತ್ರು ಚೆಲ್ಲಿದ ಮೀಡಿಯಾ. ಇನ್ವರ್ಟೆಡ್‌ನಲ್ಲಿ ಅದು ನೇರ ಆಬ್ಜೆಕ್ಟಿವ್ ತಲೆಗೆ, ಅಲ್ಲಿಂದ ನೋಸ್‌ಪೀಸ್ ಒಳಗೆ. ಚೆಲ್ಲಿದರೆ ಮೊದಲು ಪ್ಲಗ್ ತೆಗೆಯಿರಿ. ಸಕ್ಕರೆ, ಉಪ್ಪು, ಪ್ರೋಟೀನ್ ನೀರಿಗೆ ಕರಗುವಂಥವು. ಡಿಸ್ಟಿಲ್ಡ್ ನೀರಲ್ಲಿ ತುಸು ನೆನೆಸಿದ ಲೆನ್ಸ್ ಟಿಶ್ಯೂದಿಂದ ನಡುವಿನಿಂದ ಹೊರಕ್ಕೆ ಸುತ್ತಿ ಒರೆಸಿ, ಪ್ರತಿ ಸಲ ಹೊಸ ಟಿಶ್ಯೂ, ಕೊನೆಗೆ ಆಲ್ಕೋಹಾಲ್. ಮೊದಲೇ 70 ಶೇಕಡಾ ಆಲ್ಕೋಹಾಲ್ ಹಾಕಿದರೆ ಪ್ರೋಟೀನ್ ಹೆಪ್ಪುಗಟ್ಟಿ ಅಲ್ಲೇ ಅಂಟುತ್ತದೆ. ಅಸಿಟೋನ್ ಹತ್ತಿರವೂ ಬೇಡ, ಲೆನ್ಸ್ ಅಂಟು ಬಿಡುತ್ತದೆ. ಸ್ಟೇಜಿಗೆ ಆಲ್ಕೋಹಾಲ್ ಸ್ಪ್ರೇ ಹೊಡೆಯುವುದು ಕಲ್ಚರ್ ರೂಮಿನವರ ಅಭ್ಯಾಸ. ಬಟ್ಟೆಗೆ ಹೊಡೆದು ಒರೆಸಿ, ಮೈಕ್ರೋಸ್ಕೋಪಿಗೆ ಹೊಡೆಯಬೇಡಿ.

ಕಲ್ಚರ್ ಕೆಲಸದ ಗಾಳಿ ಸೋಸುವ ಹುಡ್ ಇರುವ ಮೇಜಿನ ಮೇಲೇ ಇಡಬೇಡಿ, ಬ್ಲೋವರ್ ನಡುಕ 20ಎಕ್ಸ್‌ನಲ್ಲಿ ಕಾಣುತ್ತದೆ. ಬೇರೆ ಮೇಜು, ಕಡಪ ಕಲ್ಲಿನದಾದರೆ ಒಳ್ಳೆಯದು.

ಡೆಮೊಗೆ ಬಂದವರು ತಮ್ಮ ಸ್ಲೈಡ್ ತರುತ್ತಾರೆ. ಅದು ಯಾವ ಮೈಕ್ರೋಸ್ಕೋಪಿನಲ್ಲೂ ಚಂದ ಕಾಣುತ್ತದೆ. ನಿಮ್ಮ ಟಿ-25, ನಿಮ್ಮ 96 ವೆಲ್ ಇಡಿಸಿ. ಅರ್ಧ ತುಂಬಿದ ಹೀಲಾ ಫ್ಲಾಸ್ಕ್ ಉತ್ತಮ, ಚಪ್ಪಟೆ ಅಂಚು ಎಷ್ಟು ಸ್ಪಷ್ಟ ಎಂದು ಗೊತ್ತಾಗುತ್ತದೆ. 10ರಿಂದ 20ಕ್ಕೆ ತಿರುಗಿಸಿದಾಗ ಫೋಕಸ್ ಬಹುತೇಕ ಉಳಿಯಬೇಕು. ಫೋಕಸ್ ಬಿಟ್ಟು ಹತ್ತು ನಿಮಿಷ ಕಾದು ನೋಡಿ, ಸ್ಟೇಜ್ ತಾನಾಗಿ ಇಳಿದಿರಬಾರದು. ಎರಡೂ ಕಣ್ಣಿನ ಚಿತ್ರ ಮತ್ತು ಪರದೆಯ ಚಿತ್ರ ಏಕಕಾಲಕ್ಕೆ ಫೋಕಸ್‌ನಲ್ಲಿವೆಯಾ ನೋಡಿ.

ತಳದಿಂದ_ನೋಡಿ

ಕೊನೆಗೆ ಟೆಂಡರ್ ಭಾಷೆ. ಎಲ್1 (ಅತಿ ಕಡಿಮೆ ದರದವರಿಗೆ ಆದೇಶ) ಪದ್ಧತಿಯಲ್ಲಿ ನೀವು ಬರೆಯದೆ ಬಿಟ್ಟದ್ದು ಬರುವುದಿಲ್ಲ. ಬ್ರ್ಯಾಂಡ್ ಹೆಸರು ಬೇಡ, ಅಂಕಿ ಬರೆಯಿರಿ. ಹೀಗೆ:

"10ಎಕ್ಸ್ ಫೇಸ್, ಎನ್‌ಎ 0.25 ಅಥವಾ ಹೆಚ್ಚು. 20ಎಕ್ಸ್ ಫೇಸ್, ಎನ್‌ಎ 0.40 ಅಥವಾ ಹೆಚ್ಚು, ವರ್ಕಿಂಗ್ ಡಿಸ್ಟೆನ್ಸ್ 3 ಮಿ.ಮೀ. ಅಥವಾ ಹೆಚ್ಚು, ಕನಿಷ್ಠ 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ತಳಕ್ಕೆ ತಿದ್ದಿದ್ದು. ಕಂಡೆನ್ಸರ್ ವರ್ಕಿಂಗ್ ಡಿಸ್ಟೆನ್ಸ್ 70 ಮಿ.ಮೀ. ಅಥವಾ ಹೆಚ್ಚು. ನೋಸ್‌ಪೀಸ್ 4 ಸ್ಥಾನ ಅಥವಾ ಹೆಚ್ಚು. ಫೇಸ್ ಸ್ಲೈಡರ್ 40ಎಕ್ಸ್‌ಗೂ ಹೊಂದಬೇಕು. ನೀಲಿ ಎಲ್‌ಇಡಿ ಫ್ಲೋರೊಸೆನ್ಸ್, ಫಿಲ್ಟರ್ 470/40, 495, 525/50 ಬ್ಯಾಂಡ್‌ಪಾಸ್. ಸೆಂಟರಿಂಗ್ ಟೆಲಿಸ್ಕೋಪ್, ಫ್ಲಾಸ್ಕ್ ಹಾಗೂ ಮಲ್ಟಿವೆಲ್ ಪ್ಲೇಟ್ ಹೋಲ್ಡರ್, ಕಪ್ಪು ಬೆಳಕುತಡೆ ಸಹಿತ. ಕ್ಯಾಮೆರಾ ಪಿಕ್ಸೆಲ್ 3ರಿಂದ 4.2 ಮೈಕ್ರಾನ್, ಸೆನ್ಸರ್ 2/3 ಇಂಚು ಅಥವಾ ದೊಡ್ಡದು, 0.5ಎಕ್ಸ್ ಸಿ-ಮೌಂಟ್. ಖರೀದಿದಾರರ ಫ್ಲಾಸ್ಕ್ ಮತ್ತು 96 ವೆಲ್ ಪ್ಲೇಟ್‌ನಲ್ಲಿ ಡೆಮೊ ಕಡ್ಡಾಯ."

20ಎಕ್ಸ್‌ಗೆ 0.45 ಎಂದೇ ಬರೆಯಬಹುದು, ಆದರೆ ಸ್ಪರ್ಧಿಸುವವರು ಕಡಿಮೆಯಾಗುತ್ತಾರೆ. ಬೇಕಿದ್ದರೆ ಅದನ್ನು ಬೇರೆ ಸಾಲಾಗಿ, ಐಚ್ಛಿಕ ದರವಾಗಿ ಕೇಳಿ.

ಟಿ25_ಕರಾವಳಿ

ಇದನ್ನೇ ಹಾಕುತ್ತೇವೆ. ಪ್ಲೇಟ್ ಹೋಲ್ಡರ್ ಯಾವ ಕೊಟೇಶನ್‌ನಲ್ಲೂ ಇರಲಿಲ್ಲ, ಈಗ ನೋಡಿದೆ. ಮೆಕ್ಯಾನಿಕಲ್ ಸ್ಟೇಜ್ ಬೇಕೇಬೇಕಾ, ಕೈಯಲ್ಲೇ ಫ್ಲಾಸ್ಕ್ ಸರಿಸಿದರೆ ಸಾಕಾ?

ಧಾರವಾಡ_ಪೇಢೆ

ಫ್ಲಾಸ್ಕಿಗೆ ಕೈ ಸಾಕು. 96 ವೆಲ್‌ನ್ಯಾಗ ಒಂದೊಂದ ವೆಲ್ ಹುಡುಕೂದಕ್ಕ ಮೆಕ್ಯಾನಿಕಲ್ ಸ್ಟೇಜ್ ಬೇಕ ಬೇಕು, ಇಲ್ಲಂದ್ರ ಸಿ5 ನೋಡಾಕತ್ತೀನಿ ಅಂತ ಡಿ5 ಎಣಿಸಿರತೀರಿ.